ಟೈಟಾನಿಯಂಗೆ ಎಂಥ ಮಣ್ಣಿನ ಅಚ್ಚು?

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಕಾಣಿಸಿಕೊಳ್ಳುತ್ತಿದೆ. ಬರೆಯುವವರಲ್ಲಿ ಅರಸೀಕೆರೆ, ತಿಪಟೂರು ಕಡೆಯ ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳೇ ಹೆಚ್ಚು. ಗುಬ್ಬಿಯೂ ಅರಸೀಕೆರೆಯೂ ಒಂದೇ ರೈಲು ಹಾದಿಯ ಊರುಗಳಾದ್ದರಿಂದ ಆ ಕಾರ್ಖಾನೆ ಇವರಿಗೆ ದೂರದ್ದೆನಿಸುವುದಿಲ್ಲ. ಪ್ರಶ್ನೆ ಹೀಗಿರುತ್ತದೆ: ನಮ್ಮ ನುಗ್ಗೇಹಳ್ಳಿ ಸೀಮೆಯ ಕಲ್ಲಿನಲ್ಲಿ ಟೈಟಾನಿಯಂ ಇದೆಯಂತೆ, ವಿಮಾನಕ್ಕೂ ಹೆಲಿಕಾಪ್ಟರಿಗೂ ಟೈಟಾನಿಯಂ ಬೇಕಂತೆ, ಹಾಗಿದ್ದ ಮೇಲೆ ಇಲ್ಲೇ ಒಂದು ಟೈಟಾನಿಯಂ ಫೌಂಡ್ರಿ ಯಾಕಾಗಬಾರದು?

ಪ್ರಶ್ನೆಯ ಮೊದಲ ಭಾಗ ನಿಜ. ಅರಸೀಕೆರೆ ಕಡೆಯಿಂದ ದಕ್ಷಿಣಕ್ಕೆ ನುಗ್ಗೇಹಳ್ಳಿಯನ್ನು ಹಾದು ಸುಮಾರು 60 ಕಿಲೋಮೀಟರ್ ಉದ್ದಕ್ಕೆ ಒಂದು ಪ್ರಾಚೀನ ಶಿಲಾಪಟ್ಟಿ ಹಬ್ಬಿದೆ. ಭೂವಿಜ್ಞಾನಿಗಳಿಗೆ ಅದು ನುಗ್ಗೇಹಳ್ಳಿ ಶಿಸ್ಟ್ ಪಟ್ಟಿ. ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರದ ಕ್ರೋಮೈಟ್ ಗಣಿ ಇರುವುದು ಈ ಪಟ್ಟಿಯಲ್ಲೇ. ಅದರ ಜೊತೆಗೆ ಟೈಟಾನಿಯಂ, ವೆನೇಡಿಯಂ ಬೆರೆತ ಮ್ಯಾಗ್ನಟೈಟ್ ಅದಿರೂ ಅಲ್ಲಿದೆ. ಆದರೆ ಕಬ್ಬಿಣದ ಜೊತೆ ಹೆಣೆದುಕೊಂಡ ಆ ಟೈಟಾನಿಯಂ ಬಿಡಿಸಿಕೊಳ್ಳುವುದು ಬಲು ಕಷ್ಟ. ದೇಶದ ಟೈಟಾನಿಯಂ ಕತೆ ನಡೆಯುವುದು ಕೇರಳದ ಕಡಲ ಮರಳಿನಲ್ಲಿ. ಕೊಲ್ಲಂ ಬಳಿಯ ಚವರದಲ್ಲಿ ಇಲ್ಮೆನೈಟ್ ಮರಳಿನಿಂದ ಬಣ್ಣಕ್ಕೆ ಬೇಕಾದ ಬಿಳಿಪುಡಿ ತೆಗೆಯುವ ಸರ್ಕಾರಿ ಕಾರ್ಖಾನೆ ಇದೆ. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯ ಕೊಟ್ಟ ತಂತ್ರಜ್ಞಾನದಿಂದ 2011ರಲ್ಲಿ ಅಲ್ಲಿಯೇ ವರ್ಷಕ್ಕೆ 500 ಟನ್ ಸಾಮರ್ಥ್ಯದ ಟೈಟಾನಿಯಂ ಸ್ಪಾಂಜ್ (ಅಂದರೆ ಕಚ್ಚಾ ಲೋಹ) ಘಟಕವೂ ಶುರುವಾಯಿತು. ಹಾಗಾಗಿ ಲೋಹ ಎಲ್ಲಿಂದ ತರುವುದು ಎಂಬ ಪ್ರಶ್ನೆಯನ್ನು ಬದಿಗಿಡೋಣ. ಲೋಹ ಕೈಗೆ ಬಂತು ಎಂದೇ ಇಟ್ಟುಕೊಳ್ಳೋಣ. ಅದನ್ನು ಕರಗಿಸಿ ಯಾವುದರೊಳಗೆ ಹೊಯ್ಯುತ್ತೀರಿ? ನನಗೆ ಬರೆದವರಲ್ಲಿ ಹೆಚ್ಚಿನವರು ಕೇಳದಿದ್ದ ಈ ಪ್ರಶ್ನೆಯೇ ಟೈಟಾನಿಯಂ ಎರಕದ ನಿಜವಾದ ಗಂಟು.

ಫೌಂಡ್ರಿ ನೋಡಿದ ಯಾರಿಗೇ ಆದರೂ ಮೊದಲು ಹೊಳೆಯುವ ಉತ್ತರ ಮರಳು. ಶಿವಮೊಗ್ಗ, ಬೆಳಗಾವಿ, ಹುಬ್ಬಳ್ಳಿಯ ಫೌಂಡ್ರಿಗಳಲ್ಲಿ ಎರಕದ ಕಬ್ಬಿಣವನ್ನು ಹೊಯ್ಯುವುದು ಮರಳಿನ ಅಚ್ಚಿಗೇ. ಲೆಕ್ಕ ಹಾಕಿ ನೋಡಿದರೂ ಅದು ಸರಿಯೆನಿಸುತ್ತದೆ. ಟೈಟಾನಿಯಂ ಕರಗುವುದು 1668 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಮರಳಿನ ಸಿಲಿಕಾ ಕರಗುವುದು 1700 ದಾಟಿದ ಮೇಲೆ. ಅಂಚಿನ ಲೆಕ್ಕವಾದರೂ ಅಚ್ಚು ನಿಲ್ಲಬೇಕಲ್ಲ? ನಿಲ್ಲುವುದಿಲ್ಲ. ಅಚ್ಚು ಕರಗುವ ಮೊದಲೇ ಟೈಟಾನಿಯಂ ಅದನ್ನು ತಿನ್ನತೊಡಗುತ್ತದೆ.

ಮರಳು, ಜೇಡಿಮಣ್ಣು, ಬೆಂಕಿ ಇಟ್ಟಿಗೆ ಇವೆಲ್ಲ ಒಂದಲ್ಲ ಒಂದು ಧಾತು ಆಮ್ಲಜನಕವನ್ನು ಹಿಡಿದುಕೊಂಡು ಆದ ವಸ್ತುಗಳು. ಸಿಲಿಕಾದಲ್ಲಿ ಸಿಲಿಕಾನ್, ಅಲ್ಯುಮಿನಾದಲ್ಲಿ ಅಲ್ಯುಮಿನಿಯಂ, ಸುಣ್ಣದಲ್ಲಿ ಕ್ಯಾಲ್ಸಿಯಂ. ಎಲ್ಲರ ಹಿಡಿತವೂ ಒಂದೇ ಬಿಗಿಯದಲ್ಲ. ಯಾವ ಕಾವಿನಲ್ಲಿ ಯಾರ ಹಿಡಿತ ಎಷ್ಟು ಎಂಬುದನ್ನು ಹೆರಾಲ್ಡ್ ಎಲಿಂಗ್‌ಹ್ಯಾಮ್ 1944ರಲ್ಲಿ ಒಂದು ನಕ್ಷೆಯಾಗಿ ಬರೆದಿಟ್ಟ. ಲೋಹಶಾಸ್ತ್ರ ಓದುವ ಮಕ್ಕಳು ಇಂದಿಗೂ ಆ ನಕ್ಷೆಯ ಮುಂದೆ ಕೂರುತ್ತಾರೆ. ಅದರಲ್ಲಿ ತಾಮ್ರದ ಗೆರೆ ಬಹಳ ಮೇಲೆ, ಅಂದರೆ ತಾಮ್ರಕ್ಕೆ ಆಮ್ಲಜನಕದ ಹಂಬಲ ಕಡಿಮೆ. ಕಬ್ಬಿಣ ನಡುವೆ. ಸಿಲಿಕಾನ್ ಅದಕ್ಕಿಂತ ಕೆಳಗೆ, ಟೈಟಾನಿಯಂ ಸಿಲಿಕಾನಿಗಿಂತಲೂ ಕೆಳಗೆ. ಕೆಳಗಿರುವುದು ಮೇಲಿರುವುದರಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಕರಗಿದ ಕಂಚು ಮಣ್ಣಿನ ಅಚ್ಚಿನಲ್ಲಿ ತೆಪ್ಪಗೆ ಕೂರುವುದಕ್ಕೂ, ಕರಗಿದ ಟೈಟಾನಿಯಂ ಅದೇ ಮಣ್ಣಿನ ಸಿಲಿಕಾವನ್ನು ಒಡೆಯುವುದಕ್ಕೂ ಕಾರಣ ಇದೇ. ಕಾವಿಗಿಂತ ಮೊದಲು ಕೇಳಬೇಕಾದ್ದು, ಲೋಹಕ್ಕಿಂತ ಬಿಗಿಯಾಗಿ ಆಮ್ಲಜನಕ ಹಿಡಿದಿಟ್ಟುಕೊಳ್ಳುವ ಅಚ್ಚು ಯಾವುದು ಎಂಬುದನ್ನು.

ಕಂಚಿಗೆ ಮಣ್ಣು ಸಾಕು ಎಂಬ ಮಾತಿಗೆ ನಮ್ಮಲ್ಲೇ ಒಂಬತ್ತು ಶತಮಾನ ಹಿಂದಿನ ಲಿಖಿತ ಸಾಕ್ಷಿಯಿದೆ. ಬೇಲೂರಿನಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಕೆಲಸ ಆರಂಭವಾದದ್ದು 1121ರ ಹೊತ್ತಿಗೆ. ಆ ಕಾಲಕ್ಕೆ ಹೊಯ್ಸಳರು ಹೆಸರಿಗಾದರೂ ಕಲ್ಯಾಣದ ಚಾಲುಕ್ಯರ ಸಾಮಂತರು. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಇಂದಿನ ಬಸವಕಲ್ಯಾಣದಲ್ಲಿ ಕೂತು ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆದದ್ದು 1130ರ ಆಸುಪಾಸಿನಲ್ಲಿ. ಅಡುಗೆಯಿಂದ ಆನೆಯವರೆಗೆ ಎಲ್ಲವೂ ಇರುವ ಆ ಗ್ರಂಥದಲ್ಲಿ ಮೇಣದ ಅಚ್ಚಿನಿಂದ ಮೂರ್ತಿ ಎರೆಯುವ ಕ್ರಮವೂ ಇದೆ. ಮೇಣದಲ್ಲಿ ಮೂರ್ತಿ ಮಾಡಿ, ಅದಕ್ಕೆ ಮೇಣದ ನಾಳಗಳನ್ನು ಸೇರಿಸಿ, ಮೇಣವನ್ನು ತೂಗಿಟ್ಟುಕೊಳ್ಳಬೇಕು; ಹೊಯ್ಯುವ ಲೋಹ ಎಷ್ಟು ಬೇಕೆಂಬುದು ಆ ತೂಕದಿಂದ ಗೊತ್ತಾಗುತ್ತದೆ. ಆಮೇಲೆ ಮಣ್ಣು. ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಒಂದಿಷ್ಟು ಉಪ್ಪು ಸೇರಿಸಿ ನಯವಾಗಿ ಅರೆದ ಮಣ್ಣಿನ ಮೊದಲ ಲೇಪ ತೆಳುವಾಗಿರಬೇಕು, ನೆರಳಿನಲ್ಲಿ ಒಣಗಬೇಕು. ಎರಡು ದಿನ ಬಿಟ್ಟು ಎರಡನೆಯ ಲೇಪ. ಕೊನೆಯದು ದಪ್ಪ. ಲೋಹವನ್ನು ಕಾಯಿಸುವ ಮೂಸೆಗೆ ಗ್ರಂಥ ಹೇಳುವ ಆಕಾರ ತೆಂಗಿನಕಾಯಿಯದು. ಅರಸೀಕೆರೆಯ ಓದುಗರಿಗೆ ಈ ವಿವರ ಹಿಡಿಸೀತು.

ಇದನ್ನು ಓದುವಾಗ ನನಗೆ ಅಚ್ಚರಿ ಹುಟ್ಟಿಸುವುದು ಅದರ ಹಳಮೆಗಿಂತ ಅದರೊಳಗಿನ ವಿವೇಕ. ಲೋಹವನ್ನು ಮುಟ್ಟುವ ಪದರವೇ ಬೇರೆ, ಭಾರ ಹೊರುವ ಪದರವೇ ಬೇರೆ ಎಂಬುದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ನಾಗಮಂಗಲದಲ್ಲಿ ಎರಕ ಹೊಯ್ಯುವ ಹಿರಿಯರೊಬ್ಬರ ಪಕ್ಕದಲ್ಲಿ ಕುಳಿತು ಮೇಣದ ಮೂರ್ತಿಗೆ ಮಣ್ಣು ಮೆತ್ತುವುದನ್ನು ನೋಡಿದ್ದೇನೆ. ಮೊದಲ ಲೇಪಕ್ಕೆ ಅವರು ಬಟ್ಟೆಯಲ್ಲಿ ಸೋಸಿದ ಮಣ್ಣನ್ನು ಬೆರಳ ತುದಿಯಿಂದ ಹಚ್ಚುತ್ತಿದ್ದರು. ಆ ಹೊತ್ತು ಮಾತೇ ಇರಲಿಲ್ಲ. ಹೊರಗಿನ ದಪ್ಪ ಮಣ್ಣಿಗೆ ಬಂದಾಗ ಮಾತು ಶುರುವಾಯಿತು, ಮೊಮ್ಮಗನೂ ಕೈ ಹಾಕಿದ. ಹೊಟ್ಟಿನ ಗುಟ್ಟು ಮೂರ್ತಿ ಎರೆಯುವವರಿಗೆ ಮಾತ್ರ ಗೊತ್ತಿದ್ದದ್ದೂ ಅಲ್ಲ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಹಿಂದೆ ಉಕ್ಕು ಕಾಯಿಸುತ್ತಿದ್ದ ಮೂಸೆಗಳ ಚೂರುಗಳು ಸಿಕ್ಕಿವೆ. ಆ ಮೂಸೆಯ ಮಣ್ಣಿನಲ್ಲೂ ಭತ್ತದ ಹೊಟ್ಟು. ಹೊಟ್ಟು ಸುಟ್ಟ ಜಾಗದಲ್ಲಿ ಸಣ್ಣ ಸಣ್ಣ ಪೊಳ್ಳು ಉಳಿಯುತ್ತದೆ, ಅದರ ಇದ್ದಿಲು ಮತ್ತು ಸಿಲಿಕಾ ಮಣ್ಣಿಗೆ ಸೇರುತ್ತದೆ, ಬಿರುಕು ಓಡುವುದು ತಪ್ಪುತ್ತದೆ.

ಹಳೇಬೀಡಿನ ಕಲ್ಲಿನ ಬಗ್ಗೆಯೂ ಇಬ್ಬರು ಕೇಳಿದ್ದರು. ಬಳಪದ ಕಲ್ಲು ಬೆಂಕಿಗೆ ಹೆದರುವುದಿಲ್ಲ, ಕಲ್ಲುಮರಿಗೆಯಲ್ಲಿ ಹುಳಿ ಕುದಿಸಿದರೂ ಬಿರಿಯುವುದಿಲ್ಲ, ಉಳಿಗೆ ಬೆಣ್ಣೆಯ ಹಾಗೆ ಒಗ್ಗುತ್ತದೆ. ಅದರಲ್ಲೇ ಅಚ್ಚು ಕೆತ್ತಿದರೆ? ಒಳ್ಳೆಯ ಯೋಚನೆ. ತವರ, ಸೀಸ, ಕಂಚಿಗೆ ಬಳಪದ ಕಲ್ಲಿನ ಅಚ್ಚುಗಳನ್ನು ಜಗತ್ತಿನ ಹಲವು ಕಡೆ ಜನ ಸಾವಿರಾರು ವರ್ಷ ಬಳಸಿದ್ದಾರೆ. ಟೈಟಾನಿಯಂ ವಿಷಯದಲ್ಲಿ ಮಾತ್ರ ಈ ಕಲ್ಲು ಎರಡು ಕಡೆ ಸೋಲುತ್ತದೆ. ಅದರ ಖನಿಜಗಳ ಮೈಯೆಲ್ಲ ಸಿಲಿಕಾ. ಸಾಲದ್ದಕ್ಕೆ ಖನಿಜದ ರಚನೆಯಲ್ಲೇ ನೀರಿನ ಅಂಶ ಬೆಸೆದುಕೊಂಡಿದೆ, ಅದು ಕಲ್ಲನ್ನು ಕೆಂಪಗೆ ಕಾಯಿಸಿದ ಮೇಲೆ ಹೊರಬರುತ್ತದೆ. ನೀರೆಂದರೆ ಟೈಟಾನಿಯಂಗೆ ಆಮ್ಲಜನಕವೂ ಸಿಕ್ಕಿತು, ಹೈಡ್ರೋಜನ್ನೂ ಸಿಕ್ಕಿತು. ಎರಡೂ ಅದನ್ನು ಪೆಡಸಾಗಿಸುತ್ತವೆ. ಬೈರಾಪುರದ ಕ್ರೋಮೈಟಿನದೂ ಹೆಚ್ಚುಕಡಿಮೆ ಇದೇ ಕತೆ. ಕ್ರೋಮೈಟ್ ಮರಳು ಉಕ್ಕಿನ ಫೌಂಡ್ರಿಯಲ್ಲಿ ಆಪ್ತ ವಸ್ತು. ಮ್ಯಾಂಗನೀಸ್ ಉಕ್ಕಿನ ದಪ್ಪ ಎರಕ ಸಿಲಿಕಾ ಮರಳಿಗೆ ಕಚ್ಚಿಕೊಳ್ಳುವ ಕಡೆ ಅದನ್ನೇ ಹಾಕುತ್ತಾರೆ. ಆದರೆ ಅದರೊಳಗಿನ ಕ್ರೋಮಿಯಂ, ಕಬ್ಬಿಣ ಎರಡರ ಹಿಡಿತವೂ ಟೈಟಾನಿಯಂ ಮುಂದೆ ಸಡಿಲ.

ತಪ್ಪು ಅಚ್ಚಿಗೆ ಹೊಯ್ದರೆ ಆಗುವುದೇನು? ಮೂರ್ತಿಯ ಆಕಾರ ಬರುತ್ತದೆ, ನೋಡಲು ಚೆನ್ನಾಗಿಯೂ ಇರಬಹುದು. ಕೆಡುಕು ಮೈಯ ಮೇಲ್ಪದರದಲ್ಲಿ ಅಡಗಿರುತ್ತದೆ. ಲೋಹಶಾಸ್ತ್ರದ ಅಧ್ಯಾಪಕರೊಬ್ಬರು ಒಮ್ಮೆ ಅಂಥ ತುಂಡೊಂದನ್ನು ನನ್ನ ಕೈಗಿಟ್ಟು ಅರ ಕೊಟ್ಟರು. ಗಾಜಿನ ಮೇಲೆ ಆಡಿಸಿದಂತೆ ಅರ ಜಾರಿತು. ಕೊಯ್ದ ಮೈಯ ಮೇಲೆ ಆಡಿಸಿದಾಗ ಮಾತ್ರ ಲೋಹ ಹಿಡಿಯಿತು. ಹೊರಗಿನ ಆ ಗಡಸು ಪದರಕ್ಕೆ ಆಲ್ಫಾ ಕೇಸ್ ಎನ್ನುತ್ತಾರೆ. ಅಚ್ಚಿನಿಂದ ಕಿತ್ತ ಆಮ್ಲಜನಕ ಲೋಹದೊಳಕ್ಕೆ ಇಂಗಿ ಅದು ಹುಟ್ಟುತ್ತದೆ. ದಪ್ಪ ಮಿಲಿಮೀಟರಿನ ಒಂದು ಪಾಲಷ್ಟೇ ಇದ್ದರೂ ಅದುರುವ, ಬಾಗುವ ಭಾಗದಲ್ಲಿ ಬಿರುಕು ಶುರುವಾಗುವುದು ಅಲ್ಲಿಂದಲೇ. ವಿಮಾನದ ಭಾಗವಾದರೆ ಆ ಪದರವನ್ನು ಹೈಡ್ರೋಫ್ಲೂರಿಕ್ ಮತ್ತು ನೈಟ್ರಿಕ್ ಆಮ್ಲಗಳ ಮಿಶ್ರಣದಲ್ಲಿ ಅದ್ದಿ ಕರಗಿಸಿ ತೆಗೆಯಬೇಕು. ಹೈಡ್ರೋಫ್ಲೂರಿಕ್ ಆಮ್ಲ ಚರ್ಮದ ಮೂಲಕ ಒಳಗಿಳಿದು ಮೂಳೆಯವರೆಗೆ ಹೋಗುವಂಥ ಭೀಕರ ವಸ್ತು. ಅದನ್ನು ಬಳಸುವ ಅಗತ್ಯ ಎಷ್ಟು ಕಡಿಮೆಯಾದರೆ ಕಾರ್ಮಿಕನಿಗೆ ಅಷ್ಟು ಒಳ್ಳೆಯದು. ಒಳ್ಳೆಯ ಅಚ್ಚಿನ ಬಗ್ಗೆ ನಾನು ಇಷ್ಟು ಒತ್ತಿ ಬರೆಯಲು ಇದೂ ಒಂದು ಕಾರಣ.

ಇನ್ನೊಂದು ಸೂಕ್ಷ್ಮವಿದೆ. ಟೈಟಾನಿಯಂ ಆಮ್ಲಜನಕದ ಜೊತೆ ಸೇರಿ ಬೇರೆ ವಸ್ತುವಾಗಬೇಕೆಂದೇನೂ ಇಲ್ಲ. ಆಮ್ಲಜನಕವನ್ನು ತನ್ನೊಳಗೇ ಕರಗಿಸಿಕೊಂಡು ಲೋಹವಾಗಿಯೇ ಉಳಿಯಬಲ್ಲದು. ಹಾಗಾಗಿ ಎಲಿಂಗ್‌ಹ್ಯಾಮ್ ನಕ್ಷೆಯಲ್ಲಿ ಟೈಟಾನಿಯಂಗಿಂತ ಕೊಂಚ ಕೆಳಗಿದ್ದು ಸುರಕ್ಷಿತವಾಗಿ ಕಾಣುವ ಅಲ್ಯುಮಿನಾ ಕೂಡ ನಿಜವಾದ ಎರಕದಲ್ಲಿ ಸವೆಯುತ್ತದೆ. ಜಿರ್ಕೋನಿಯಾ ಅದಕ್ಕಿಂತ ವಾಸಿ. ಅದು ಕರಗುವುದು 2700 ಡಿಗ್ರಿಯ ಆಸುಪಾಸಿನಲ್ಲಿ. ಕಾವು ಏರಿಳಿದಾಗ ಅದರ ಹರಳಿನ ರಚನೆ ಬದಲಾಗಿ ಒಡೆಯುವ ದೋಷವನ್ನು ಒಂದಿಷ್ಟು ಸುಣ್ಣವನ್ನೋ ಇಟ್ರಿಯಾವನ್ನೋ ಸೇರಿಸಿ ತಡೆಯುತ್ತಾರೆ. ಇವೆಲ್ಲಕ್ಕಿಂತ ಗಟ್ಟಿ ಹಿಡಿತದ್ದು ಇಟ್ರಿಯಾ, ಅಂದರೆ ಇಟ್ರಿಯಂ ಎಂಬ ಅಪರೂಪದ ಧಾತುವಿನ ಆಕ್ಸೈಡ್. ಇಂದು ಟೈಟಾನಿಯಂ ಎರಕದ ಒಳಲೇಪಕ್ಕೆ ಉತ್ತಮವೆಂದು ಹೆಸರಾಗಿರುವ ಬಿಳಿಪುಡಿ ಅದು. ಗ್ರಾಫೈಟ್ ಪುಡಿಯನ್ನು ಕುಟ್ಟಿ ಮಾಡಿದ ಅಚ್ಚೂ ಉಂಟು. ಪಂಪು, ವಾಲ್ವಿನಂಥ ದಪ್ಪ ಸಾಮಾನಿಗೆ ಅದು ನಡೆಯುತ್ತದೆ, ನಾಜೂಕಿನ ಕೆಲಸಕ್ಕೆ ಆಗದು.

ಹಿಡಿತದಲ್ಲಿ ಇಟ್ರಿಯಾಗೆ ಸರಿಸಾಟಿಯಾದ ಮತ್ತೊಂದು ವಸ್ತು ನಮ್ಮ ಎಲೆ ಅಡಿಕೆ ತಟ್ಟೆಯವರೆಗೂ ಬಂದಿದೆ: ಸುಣ್ಣ. ಅದು ಕರಗಲು 2600 ಡಿಗ್ರಿ ಬೇಕು, ಕ್ಯಾಲ್ಸಿಯಂ ತನ್ನ ಆಮ್ಲಜನಕವನ್ನು ಟೈಟಾನಿಯಂಗೆ ಸುಲಭಕ್ಕೆ ಬಿಡುವುದೂ ಇಲ್ಲ, ಬೆಲೆಯೋ ಇಟ್ರಿಯಾದ ಮುಂದೆ ಲೆಕ್ಕಕ್ಕಿಲ್ಲ. ಹಾಗಿದ್ದರೆ ಎಲ್ಲರೂ ಸುಣ್ಣದ ಅಚ್ಚನ್ನೇ ಏಕೆ ಮಾಡುವುದಿಲ್ಲ? ಸುಟ್ಟ ಸುಣ್ಣದ ಕಲ್ಲಿಗೆ ನೀರು ಚಿಮುಕಿಸಿದಾಗ ಅದು ಬುಸುಗುಟ್ಟಿ, ಬಿಸಿಯಾಗಿ, ಅರಳಿ ಪುಡಿಯಾಗುವುದನ್ನು ಮನೆಗೆ ಸುಣ್ಣ ಹೊಡೆಸಿದ ಯಾವ ಹಳ್ಳಿಯವರೂ ಬಲ್ಲರು. ಗಾಳಿಯ ತೇವ ಸಾಕು ಅದಕ್ಕೆ. ಮಲೆನಾಡ ಸೆರಗಿನ ಬೇಲೂರಿನ ಆಷಾಢದಲ್ಲಂತೂ ಸುಣ್ಣದ ಅಚ್ಚು ಎರಕದ ದಿನದವರೆಗೆ ಉಳಿಯುವ ಮಾತೇ ಇಲ್ಲ.

ಈಗ ಇಟ್ರಿಯಾದ ಅಚ್ಚು ಮಾಡುವ ಬಗೆ ನೋಡಿ, ಸೋಮೇಶ್ವರನ ಕ್ರಮ ಎದ್ದು ಕಾಣುತ್ತದೆ. ಯಂತ್ರದಲ್ಲಿ ಒತ್ತಿದ ಮೇಣದ ಮಾದರಿಯನ್ನು ಇಟ್ರಿಯಾದ ನಯವಾದ ಹಿಟ್ಟಿನ ಕಲಕಿನಲ್ಲಿ ಅದ್ದಿ ಎತ್ತುತ್ತಾರೆ, ಮೇಲೆ ಸಣ್ಣ ಹರಳು ಉದುರಿಸುತ್ತಾರೆ, ಗಾಳಿಯ ತೇವ ಮತ್ತು ಕಾವು ಹದದಲ್ಲಿಟ್ಟ ಕೋಣೆಯಲ್ಲಿ ಒಣಗಿಸುತ್ತಾರೆ. ಒಳಗಿನ ಒಂದೆರಡು ಪದರ ಮಾತ್ರ ದುಬಾರಿ ಇಟ್ರಿಯಾ. ಅದರ ಮೇಲೆ ಬರುವ ಪದರಗಳು ಅಲ್ಯುಮಿನಾ, ಮುಲೈಟಿನಂಥ ಅಗ್ಗದ ಒರಟು ವಸ್ತುಗಳವು. ಅವುಗಳ ಕೆಲಸ ಭಾರ ಹೊರುವುದು. ಎಲ್ಲ ಒಣಗಿದ ಮೇಲೆ ಹಬೆಯ ಒತ್ತಡದಲ್ಲಿ ಮೇಣವನ್ನು ಸರಕ್ಕನೆ ಕರಗಿಸಿ ತೆಗೆಯಬೇಕು. ನಿಧಾನ ಮಾಡಿದರೆ ಮೇಣ ಹಿಗ್ಗಿ ಅಚ್ಚನ್ನೇ ಸೀಳುತ್ತದೆ. ಆಮೇಲೆ ಸಾವಿರ ಡಿಗ್ರಿ ದಾಟಿದ ಕಾವಿನಲ್ಲಿ ಸುಡುವುದು.

ಕೇಳಲು ಸುಲಭ, ಮಾಡುವಾಗ ತೊಡಕು ಬರುವುದು ಅಂಟಿನಲ್ಲಿ. ಪುಡಿಗಳನ್ನು ಒಂದಕ್ಕೊಂದು ಹಿಡಿಸಲು ಫೌಂಡ್ರಿಗಳು ಸಾಮಾನ್ಯವಾಗಿ ಬಳಸುವುದು ನೀರಿನಲ್ಲಿ ತೇಲುವ ಅತಿ ಸೂಕ್ಷ್ಮ ಸಿಲಿಕಾ. ಹಾಗೆ ಮಾಡಿದರೆ ಮುಂಬಾಗಿಲಲ್ಲಿ ಓಡಿಸಿದ ಸಿಲಿಕಾವನ್ನು ಹಿತ್ತಿಲಿನಿಂದ ಒಳಗೆ ಬಿಟ್ಟುಕೊಂಡಂತೆ. ಹಾಗಾಗಿ ಜಿರ್ಕೋನಿಯಂ ಲವಣಗಳ ಅಂಟನ್ನೋ ಇಟ್ರಿಯಾದ್ದೇ ಅಂಟನ್ನೋ ಹುಡುಕಬೇಕಾಗುತ್ತದೆ. ಇಟ್ರಿಯಾ ಕೂಡ ನೀರಿನಲ್ಲಿ ತುಸು ತುಸುವೇ ಕರಗಿ ಕಲಕನ್ನು ಹೊತ್ತಿಗೆ ಮುಂಚೆ ಗಟ್ಟಿ ಮಾಡಿಬಿಡುತ್ತದೆ. ಆ ದುಬಾರಿ ಕಲಕು ತೊಟ್ಟಿಯಲ್ಲೇ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಪ್ರತಿ ಫೌಂಡ್ರಿಯೂ ಬಚ್ಚಿಟ್ಟುಕೊಳ್ಳುವ ವಿದ್ಯೆ. ಕಾವಿನ ಜಗಳ ಬೇರೆ. ಟೈಟಾನಿಯಂ ಕರಗುವ ಹಂತಕ್ಕಿಂತ ಸ್ವಲ್ಪವೇ ಮೇಲಿನ ಕಾವಿನಲ್ಲಿ ಹೊಯ್ಯಲು ಸಿಗುವುದರಿಂದ ತೆಳುವಾದ ಮೂಲೆಗಳನ್ನು ತುಂಬುವ ಮೊದಲೇ ಹೆಪ್ಪುಗಟ್ಟುತ್ತದೆ. ಅದನ್ನು ತಪ್ಪಿಸಲು ಅಚ್ಚನ್ನು ಹೆಚ್ಚು ಕಾಯಿಸಿದರೆ ಅಚ್ಚು ಲೋಹಗಳ ನಡುವಿನ ಕೆಡುಕು ಹೆಚ್ಚುತ್ತದೆ. ಹಲವರು ಅಚ್ಚನ್ನು ತಿರುಗಿಸಿ, ಆ ಬಲದಿಂದ ಲೋಹವನ್ನು ಮೂಲೆಗೆ ತಳ್ಳುತ್ತಾರೆ.

ಇಷ್ಟೆಲ್ಲ ಓದಿದ ಮೇಲೆ ಚುರುಕು ಹುಡುಗರಿಗೆ ಒಂದು ಅನುಮಾನ ಬರಬೇಕು: ಅಚ್ಚನ್ನೇ ತಿನ್ನುವ ಲೋಹವನ್ನು ಕರಗಿಸುವ ಮೂಸೆ ಯಾವುದರದು? ಅಚ್ಚಿನೊಳಗೆ ಲೋಹ ದ್ರವವಾಗಿರುವುದು ಸ್ವಲ್ಪ ಹೊತ್ತು, ಮೂಸೆಯಲ್ಲಿ ಇನ್ನೂ ಹೆಚ್ಚು ಹೊತ್ತು. ಇದಕ್ಕೆ ಕಂಡುಕೊಂಡ ಉಪಾಯ ನನಗೆ ಎಷ್ಟು ಸಲ ಓದಿದರೂ ರೋಮಾಂಚನ ತರುತ್ತದೆ. ಮೂಸೆ ತಾಮ್ರದ್ದು, ಅಂದರೆ 1085 ಡಿಗ್ರಿಗೇ ಕರಗುವ ಲೋಹದ್ದು! ಅದರ ಗೋಡೆಯ ಸುತ್ತ ಎಡೆಬಿಡದೆ ತಣ್ಣೀರು ಹರಿಯುತ್ತಿರುತ್ತದೆ. ನಿರ್ವಾತದಲ್ಲಿ ವಿದ್ಯುತ್ ಕಿಡಿಯಿಂದ ಟೈಟಾನಿಯಂ ಕರಗಿದಂತೆ, ತಣ್ಣನೆಯ ತಾಮ್ರವನ್ನು ಮುಟ್ಟಿದ ಟೈಟಾನಿಯಂ ಅಲ್ಲೇ ಹೆಪ್ಪುಗಟ್ಟಿ ಚಿಪ್ಪಾಗುತ್ತದೆ. ಉಳಿದ ಲೋಹ ತನ್ನದೇ ಆ ಚಿಪ್ಪಿನೊಳಗೆ ದ್ರವವಾಗಿ ನಿಲ್ಲುತ್ತದೆ. ಬೇರೆ ಯಾವ ವಸ್ತುವನ್ನೂ ಮುಟ್ಟುವುದೇ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಟೈಟಾನಿಯಂ ಅಥವಾ ಮೆಗ್ನೀಸಿಯಂ ಗುಜರಿಯನ್ನು ಮನೆಯಲ್ಲೇ ಕರಗಿಸುವ ವಿಡಿಯೋ ನೋಡಿ ಪ್ರಯತ್ನಿಸಲೇ ಎಂದು ಕೆಲವರು ಕೇಳಿದ್ದಾರೆ. ಖಂಡಿತ ಬೇಡ. ಮೆಗ್ನೀಸಿಯಂ 650 ಡಿಗ್ರಿಗೇ ಕರಗುವುದರಿಂದ ಸುಲಭ ಎನಿಸುತ್ತದೆ, ಆದರೆ ಒದ್ದೆ ಮರಳನ್ನು ಮುಟ್ಟಿದರೆ ನೀರನ್ನು ಒಡೆದು ಹೈಡ್ರೋಜನ್ ಬಿಡುತ್ತದೆ. ಹೊತ್ತಿಕೊಂಡ ಮೆಗ್ನೀಸಿಯಂಗೆ ನೀರು ಸುರಿದರೆ ಬೆಂಕಿ ಸಿಡಿಯುತ್ತದೆ. ಅದನ್ನು ಕ್ರಮವಾಗಿ ಹೊಯ್ಯುವವರು ಮರಳಿಗೆ ಗಂಧಕ, ಬೋರಿಕ್ ಆಮ್ಲದಂಥ ತಡೆವಸ್ತು ಬೆರೆಸಿ, ಗಾಳಿಯನ್ನು ದೂರವಿಟ್ಟು ಕೆಲಸ ಮಾಡುತ್ತಾರೆ.

ಮೂಲ ಪ್ರಶ್ನೆಗೆ ಮರಳೋಣ. ಹೆಲಿಕಾಪ್ಟರಿನ ಟೈಟಾನಿಯಂ ಭಾಗಗಳೆಲ್ಲ ಎರಕದವಲ್ಲ, ಹೆಚ್ಚಿನವು ಬಡಿದು ರೂಪಿಸಿದವು. ಎರಕದ ದಾರಿ ಬೇಕಾಗುವುದು ತಿರುವುಮುರುವಾದ ಆಕಾರಗಳಿಗೆ, ಬಡಿಯಲು ಬಗ್ಗದ ಮಿಶ್ರಲೋಹಗಳಿಗೆ. ಏರ್ ಇಂಡಿಯಾದ ಬೋಯಿಂಗ್ 787 ವಿಮಾನಗಳ ಜಿಇಎನ್‌ಎಕ್ಸ್ ಎಂಜಿನ್ನಿನಲ್ಲಿ ಟರ್ಬೈನಿನ ಕೊನೆಯ ಸಾಲುಗಳ ರೆಕ್ಕೆಗಳು ಟೈಟಾನಿಯಂ ಅಲ್ಯುಮಿನೈಡ್‌ನವು. ಎರಕ ಹೊಯ್ದು ಯಂತ್ರದಲ್ಲಿ ತಿದ್ದಿದ ಆ ರೆಕ್ಕೆಗಳ ಸಾಂದ್ರತೆ ಹಳೆಯ ನಿಕ್ಕಲ್ ರೆಕ್ಕೆಯ ಸುಮಾರು ಅರ್ಧ. ನಮ್ಮ ದೇಶದಲ್ಲಿ ಟೈಟಾನಿಯಂ ಎರಕ ಹೈದರಾಬಾದಿನ ಪ್ರಯೋಗಾಲಯದಲ್ಲೂ ಲಖನೌದ ಖಾಸಗಿ ಉದ್ಯಮವೊಂದರಲ್ಲೂ ನಡೆದಿದೆ. ಹಾಸನ ಜಿಲ್ಲೆಯಲ್ಲಿ ನಾಳೆಯೇ ಅಂಥದ್ದು ಆಗಲಿ ಎಂದು ನಾನು ಹೇಳಲಾರೆ. ನಿರ್ವಾತ ಕುಲುಮೆಗೆ ಕೋಟಿಗಟ್ಟಲೆ ಬಂಡವಾಳ ಬೇಕು. ಅಚ್ಚಿನ ವಿದ್ಯೆಯನ್ನು ಇಲ್ಲಿ ಬೆಳೆಸಲು ಮಾತ್ರ ಅಷ್ಟು ಹಣ ಬೇಡ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪಾಠದಲ್ಲಿ ಲೋಹಕ್ಕೆ ಸಿಗುವ ತಾಸುಗಳ ಒಂದು ಪಾಲೂ ಅಚ್ಚಿನ ವಸ್ತುಗಳಿಗೆ ಸಿಗುವುದಿಲ್ಲ. ಇದು ಬದಲಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಬದಲಾಗಲು ಸಕಾಲವೂ ಇದೇ. ಇಟ್ರಿಯಂ ಪೂರೈಕೆಯಲ್ಲಿ ಜಗತ್ತು ಚೀನಾವನ್ನು ನಂಬಿ ಕುಳಿತಿದೆ. 2025ರ ಏಪ್ರಿಲ್‌ನಲ್ಲಿ ಚೀನಾ ರಫ್ತು ನಿಯಂತ್ರಣಕ್ಕೆ ಒಳಪಡಿಸಿದ ಏಳು ವಿರಳ ಧಾತುಗಳಲ್ಲಿ ಇಟ್ರಿಯಂ ಕೂಡ ಒಂದು. ನಮ್ಮ ಕಡಲ ಮರಳಿನ ಮೊನಜೈಟಿನಲ್ಲಿ ವಿರಳ ಧಾತುಗಳಿದ್ದರೂ ಇಟ್ರಿಯಂ ಪಾಲು ಬಹಳ ಕಡಿಮೆ. ಹಾಗಾಗಿ ಸಂಶೋಧಕರ ಕಣ್ಣು ಮತ್ತೆ ಸುಣ್ಣದ ಕಡೆಗೆ ಹೊರಳಿದೆ. ಸುಣ್ಣವನ್ನು ಜಿರ್ಕೋನಿಯಾ ಜೊತೆ ಸುಟ್ಟು ಒಂದಾಗಿಸಿದರೆ ಕ್ಯಾಲ್ಸಿಯಂ ಜಿರ್ಕೊನೇಟ್ ಎಂಬ ವಸ್ತು ಸಿಗುತ್ತದೆ. ಅದು ಸುಣ್ಣದಂತೆ ತೇವಕ್ಕೆ ಅರಳುವುದಿಲ್ಲ, ಟೈಟಾನಿಯಂ ಎದುರು ಸಾಕಷ್ಟು ಗಟ್ಟಿಯಾಗಿಯೂ ನಿಲ್ಲುತ್ತದೆ. ಕಲಬುರಗಿ, ಬಾಗಲಕೋಟೆ ಕಡೆ ಸುಣ್ಣದ ಕಲ್ಲಿಗೆ ಕೊರತೆಯಿಲ್ಲ. ಜಿರ್ಕೋನಿಯಾದ ಮೂಲವಾದ ಜಿರ್ಕಾನ್ ಮರಳು ಚವರದಲ್ಲಿ ಇಲ್ಮೆನೈಟಿನ ಜೊತೆಯಲ್ಲೇ ಸಿಗುತ್ತದೆ. ಸುಣ್ಣ, ಜಿರ್ಕೋನಿಯಾ ಎರಡನ್ನೂ ಅರೆದು, ಬೆರೆಸಿ, ಬಿಲ್ಲೆ ಒತ್ತಿ, ಕಾಲೇಜಿನ ಕುಲುಮೆಯಲ್ಲಿ ಸುಟ್ಟು, ಒಂದು ಇಡೀ ಮಳೆಗಾಲ ಬೇಲೂರಿನ ಗಾಳಿಗೆ ಬಿಟ್ಟು ಯಾವ ಬೆರಕೆ ಅರಳದೆ ಉಳಿಯಿತು ಎಂದು ತೂಗಿ ನೋಡುವುದು ಅಂತಿಮ ವರ್ಷದ ವಿದ್ಯಾರ್ಥಿಗಳ ಅಳವಿನಲ್ಲೇ ಇರುವ ಕೆಲಸ. ಅದಕ್ಕೆ ಟೈಟಾನಿಯಂ ಒಂದು ಗ್ರಾಮೂ ಬೇಕಿಲ್ಲ. ಪತ್ರ ಬರೆದ ಗೆಳೆಯರು ಮುಂದಿನ ಜೂನ್ ಒಳಗೆ ಬಿಲ್ಲೆ ಸಿದ್ಧ ಮಾಡಿಕೊಳ್ಳಲಿ.